ಕಾಯಲು ಕೊಟ್ಟ ಫ್ಯಾನು

ನಮ್ಮ ಮನೆಗೆ ಕಳ್ಳ ನುಗ್ಗಿದರೆ, ಒಳಗಿನ ಸ್ಥಿತಿ ನೋಡಿ ‘ಅಯ್ಯೋ ಪಾಪ’ ಎಂದು ತನ್ನ ಜೇಬಿನಿಂದಲೇ ಏನಾದರೂ ಇಟ್ಟು ಹೋದಾನು! ಮನೆಯನ್ನು ಹಾಗೆ ಮಾಡಿಡುವ ವಿದ್ಯೆ ನಮ್ಮತ್ತೆಗೆ ಮಾತ್ರ ಗೊತ್ತು. ಅತ್ತೆ ಎಂದರೆ ನನ್ನ ಗಂಡನ ತಾಯಿ. ಕೂಟಗಲ್ ಕಡೆಯ ಒಕ್ಕಲು ಮನೆತನದವರು. ರಾಮನಗರದ ನಮ್ಮ ಬೀದಿಗೆ ಸೊಸೆಯಾಗಿ ಬಂದು ಈಗ ಇಡೀ ಬೀದಿಗೇ ಅತ್ತೆಯಾಗಿದ್ದಾರೆ. ನಾಲ್ಕು ಜನರೆದುರು ಅವರು ಬಾಯಿ ತೆರೆದರೆ ಸಾಕು, ನಾನು ನಾಚಿಕೆಯಿಂದ ಹಿಡಿಯಾಗಿಬಿಡುತ್ತೇನೆ.

ಈ ಬೇಸಿಗೆ ರಜೆಯಲ್ಲಿ ಕಾಶಿ, ಹರಿದ್ವಾರ ಎಂದು ಮನೆಮಂದಿಯೆಲ್ಲ ಒಂದು ತಿಂಗಳ ಪ್ರವಾಸ ಹೊರಟೆವು. ಹಿಂದಿನ ದಿನ ಸಂಜೆ ನಾನು ಹಾರೋಹಳ್ಳಿಯ ಫ್ಯಾಕ್ಟರಿ ಆಫೀಸಿನಿಂದ ಬಂದು ನೋಡಿದರೆ ಅಡುಗೆಮನೆ ಬಟಾಬಯಲು! ಗ್ಯಾಸ್ ಸಿಲಿಂಡರ್ ಹಿಂದಿನ ಮನೆಗೆ ಹೋಗಿತ್ತು. ಮಿಕ್ಸಿ ಎದುರು ಮನೆಗೆ. ಅತ್ತೆಯ ಕೋಣೆಯ ಟೇಬಲ್ ಫ್ಯಾನು ಬೀದಿಯ ಕೊನೆಯ ಶೀಟು ಮನೆಗೆ.

“ಇದೇನತ್ತೆ?” ಎಂದೆ.

“ಕಾಯಾಕೆ ಕೊಟ್ಟಿವ್ನಿ ಕಣಮ್ಮಿ. ಎಲ್ಲಾನೂ ಒಂದ್ಕಡೆ ಮಡಗುದ್ರೆ ಕಳ್ಳ ಒಂದೇ ಸತಿಗೆ ಹೊತ್ಕೊಂಡೋಯ್ತಾನೆ. ಈಗ ಮನೆಮನೆ ಅಲೀಲಿ ಬಡ್ಡೀಮಗ!”

“ಮತ್ತೆ ಒಡವೆ?”

“ಅದು ಬೀರುನಲ್ಲೇ ಐತಲ್ಲ!”

ಚಿನ್ನ ಹೋದರೂ ಚಿಂತೆಯಿಲ್ಲ, ಮಿಕ್ಸಿ ಉಳಿಯಬೇಕು! ನನ್ನ ಗಂಡನ ಮುಖ ನೋಡಿದೆ. ಅವರು “ಅವ್ವ ಹೇಳಿದ್ಮೇಲೆ ಮುಗೀತು” ಎಂದು ಬ್ಯಾಗಿನ ಜಿಪ್ಪು ಎಳೆದರು.

ಪ್ರವಾಸದಲ್ಲಾದರೂ ಮರ್ಯಾದೆ ಉಳಿಯಿತೇ? ಕಾಶಿಯಲ್ಲಿ ಎಲ್ಲರೂ ಗಂಗೆಯಲ್ಲಿ ಮುಳುಗು ಹಾಕುತ್ತಿದ್ದರೆ, ನಮ್ಮತ್ತೆ ಒದ್ದೆ ಸೀರೆಯಲ್ಲೇ ಮೆಟ್ಟಿಲ ಮೇಲೆ ನಿಂತು ಫೋನಿನಲ್ಲಿ ಕೂಗುತ್ತಿದ್ದರು. “ಫ್ಯಾನ್ ತಿರುಗ್ತಾ ಐತಾ? ನಿಲ್ಲುಸ್ಬ್ಯಾಡ ಕಣವ್ವ! ನಿಲ್ಲುಸುದ್ರೆ ತುಕ್ಕಿಡೀತದೆ!” ಹರಿದ್ವಾರದ ಆರತಿಯ ಹೊತ್ತಿನಲ್ಲೂ ಅದೇ ಫ್ಯಾನು. ರೈಲಿನಲ್ಲಂತೂ ಸ್ಪೀಕರ್ ಹಾಕಿಕೊಂಡೇ ಮಾತು! ನಮ್ಮ ತಂಡದಲ್ಲಿದ್ದ ಮೈಸೂರಿನ ಹೆಂಗಸೊಬ್ಬರು ಕೊನೆಗೆ ಕುತೂಹಲ ತಡೆಯಲಾರದೆ ನನ್ನನ್ನೇ ಕೇಳಿಬಿಟ್ಟರು: “ನಿಮ್ಮದು ಫ್ಯಾನಿನ ಅಂಗಡಿಯೇನ್ರೀ?” ನಾನು ಮೇಲಿನ ಬರ್ತಿಗೆ ಹತ್ತಿ ಮುಸುಕು ಹಾಕಿಕೊಂಡೆ.

ಊರಿಗೆ ಬಂದಿಳಿದದ್ದು ಭಾನುವಾರ. ಮರುದಿನವೇ ಮಕ್ಕಳಿಗೆ ಸ್ಕೂಲು, ನಮಗೆ ಆಫೀಸು. ನಡುಮನೆಯಲ್ಲಿ ಕೊಳೆಬಟ್ಟೆಯ ಗುಡ್ಡ, ಅದರ ಪಕ್ಕದಲ್ಲಿ ಗಂಗಾಜಲದ ಕ್ಯಾನುಗಳು. ಒಂದು ಲೋಟ ಕಾಫಿ ಕಾಯಿಸೋಣವೆಂದರೆ ಸ್ಟವ್ ಇದೆ, ಗ್ಯಾಸಿಲ್ಲ! ಅತ್ತೆ ಪ್ರಯಾಣದ ಸುಸ್ತಿಗೆ ಗೊರಕೆ ಹೊಡೆಯುತ್ತಿದ್ದರು. ನಾನೇ ಸೆರಗು ಸಿಕ್ಕಿಸಿಕೊಂಡು ವಸೂಲಿಗೆ ಹೊರಟೆ. ನಮ್ಮದೇ ಸಾಮಾನನ್ನು ಇನ್ನೊಬ್ಬರ ಬಾಗಿಲಲ್ಲಿ ನಿಂತು ಬೇಡುವ ನಾಚಿಕೆ ಯಾರಿಗೂ ಬೇಡ!

ಹಿಂದಿನ ಮನೆಯಾಕೆ ಬೀದಿಯ ಮೂಲೆಯಲ್ಲಿ ಇಡ್ಲಿ ಮಾಡಿ ಮಾರುತ್ತಾಳೆ. ಸಿಲಿಂಡರನ್ನು ಒಂದೇ ಕೈಯಲ್ಲಿ ಎತ್ತಿ ಕೊಟ್ಟಳು. ಅಷ್ಟು ಹಗುರ! “ಗ್ಯಾಸು ಉರಿಸ್ದೆ ಮಡಗುದ್ರೆ ಹಳಸೋಯ್ತದೆ ಅಂತ ನಿಮ್ಮತ್ತೇನೇ ಹೇಳಿದ್ರು ಕಣಕ್ಕ” ಎಂದಳು. ಗ್ಯಾಸು ಹಳಸುವುದೇ? ಎದುರು ಮನೆಯಾಕೆಗೆ ರಜೆಗೆ ಮುಂಚೆಯೇ ಕೈ ಮುರಿದು ಪಟ್ಟಿ ಹಾಕಿದ್ದರು. ಅವಳೂ ಅದೇ ರಾಗ: “ದಿನಾ ತಿರುಗಿಸ್ದೆ ಹೋದ್ರೆ ಮೋಟ್ರು ಜಾಮಾಯ್ತದಂತೆ!” ನಾನು ಹಲ್ಲು ಕಚ್ಚಿಕೊಂಡು ಮಿಕ್ಸಿ ಎತ್ತಿಕೊಂಡೆ.

ಕೊನೆಗೆ ಶೀಟು ಮನೆ. ರೇಷ್ಮೆ ನೂಲು ತೆಗೆಯುವ ಕೆಲಸದವನ ಹೆಂಡತಿ, ಇನ್ನೂ ಚಿಕ್ಕ ಹುಡುಗಿ. ಸೀರೆಯ ಜೋಲಿಯಲ್ಲಿ ಕೂಸು ಮಲಗಿತ್ತು, ಅದರ ಕಡೆಗೇ ಫ್ಯಾನು ತಿರುಗುತ್ತಿತ್ತು. ನನ್ನನ್ನು ಕಂಡದ್ದೇ ಆ ಹುಡುಗಿ ಪ್ಲಗ್ ಕಿತ್ತು, ಸೆರಗಿನಿಂದ ರೆಕ್ಕೆ ಒರೆಸಿ, ಎರಡೂ ಕೈಯಲ್ಲಿ ಫ್ಯಾನು ಹಿಡಿದು ಕೊಟ್ಟಳು. “ಚೆನ್ನಾಗಿ ನೋಡ್ಕೊಂಡಿವ್ನಿ ಅಕ್ಕ, ಒಂದಿನಾನೂ ನಿಲ್ಸಿಲ್ಲ” ಎಂದಳು. ನಾನು ಬೀದಿಗಿಳಿಯುವಷ್ಟರಲ್ಲಿ ಕೂಸು ಎದ್ದು ಅಳತೊಡಗಿತು. ಮಕ್ಕಳೆಂದ ಮೇಲೆ ಅಳುತ್ತವೆ ಎಂದುಕೊಂಡು ಬೇಗಬೇಗ ನಡೆದೆ.

ಯುದ್ಧ ಗೆದ್ದವಳಂತೆ ಫ್ಯಾನನ್ನು ಅತ್ತೆಯ ಮಂಚದ ಪಕ್ಕದಲ್ಲಿಟ್ಟೆ. ಅತ್ತೆ ಕಣ್ಣು ಬಿಟ್ಟರು. ಫ್ಯಾನು ನೋಡಿದರು, ನನ್ನನ್ನು ನೋಡಿದರು.

“ಇಸ್ಕೊಂಡ್ ಬಂದ್ಬುಟ್ಯಾ?”

“ನಮ್ಮದಲ್ವಾ ಅತ್ತೆ?”

“ಆ ಮಗೀಗೆ ಮೈತುಂಬ ಬೆವರುಸಾಲೆ ಕಣಮ್ಮಿ. ಆ ಶೀಟಿನ ಕೆಳಗೆ ಮಧ್ಯಾನ್ದೊತ್ತು ಒಂದ್ ಗಳಿಗೆ ಕೂತ್ ನೋಡು. ಸುಮ್ಕೆ ಕೊಟ್ರೆ ಆ ಹುಡ್ಗಿ ಇಸ್ಕಂಡಾಳಾ? ಮಾನಸ್ಥೆ. ಕಾಯವ್ವ ಅಂದ್ರೆ ಬ್ಯಾಡ ಅನ್ನಕಿಲ್ಲ.”

ಬೀದಿಯೆಲ್ಲ ನನ್ನ ಕಣ್ಣ ಮುಂದೆ ಬಂತು. ಸೌದೆ ಹೊಗೆಯಲ್ಲಿ ಕಣ್ಣುಜ್ಜಿಕೊಂಡು ಇಡ್ಲಿ ಬೇಯಿಸುತ್ತಿದ್ದ ಹಿಂದಿನ ಮನೆಯಾಕೆ. ಮುರಿದ ಕೈಯ ಎದುರು ಮನೆಯಾಕೆ. ನಾನು ದಿನವೂ ನೋಡುತ್ತಿದ್ದ ಬೀದಿಯೇ. ಅತ್ತೆ ಕಂಡದ್ದು ನನಗೇಕೆ ಕಾಣಲಿಲ್ಲ? ತಿಂಗಳಿಡೀ ಅತ್ತೆಯಿಂದಾಗಿ ನಾಚಿಕೆಪಟ್ಟವಳಿಗೆ, ಮೊದಲ ಸಲ ನನ್ನ ಬಗ್ಗೆಯೇ ನಾಚಿಕೆಯಾಯಿತು. ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಈಗೇನ್ ಹೇಳಿ ವಾಪಸ್ ಕೊಡ್ಲಿ ಅತ್ತೆ?”

“ನನ್ನೇ ಬಯ್ಯಿ. ಮುದುಕಿಗೆ ತಲೆ ಕೆಟ್ಟೈತೆ, ಗಾಳಿ ಬಂದ್ರೆ ಚಳಿ ಅಂತಾಳೆ ಅನ್ನು. ಬೀದಿನವ್ರೆಲ್ಲ ನಂಬ್ತಾರೆ.”

ನಂಬುತ್ತಾರೆ, ನಿಜ. ಇಷ್ಟು ವರ್ಷ ಬೀದಿಯವರ ನಗೆಗೆಲ್ಲ ಅವರು ತಲೆಯೊಡ್ಡಿದ್ದು ಇದಕ್ಕೇ ಇರಬೇಕು. ಫ್ಯಾನು ಹೊತ್ತುಕೊಂಡು ಮತ್ತೆ ಶೀಟು ಮನೆಗೆ ಹೋದೆ. ಕೂಸು ಇನ್ನೂ ಅಳುತ್ತಿತ್ತು. ಹೇಳಿಕೊಟ್ಟ ಸುಳ್ಳನ್ನು ತಡವರಿಸುತ್ತ ಒಪ್ಪಿಸಿದೆ. ಆ ಹುಡುಗಿ ಅರೆನಂಬಿಕೆಯಲ್ಲಿ ಪ್ಲಗ್ ಹಾಕಿದಳು. ಫ್ಯಾನು ತಿರುಗಿತು. ಅವಳ ಮುಖ ನೋಡಲಾಗದೆ ನಾನು ಜೋಲಿಯನ್ನೇ ನೋಡುತ್ತ ನಿಂತಿದ್ದೆ.

ಸಂಜೆಯಾದರೂ ಊರ ಸುತ್ತಲಿನ ಬಂಡೆಗಳ ಕಾವು ಇಳಿದಿರಲಿಲ್ಲ. ಅತ್ತೆ ಜಗಲಿಯಲ್ಲಿ ಕುಳಿತು ಕಾಶಿ ಪ್ರಸಾದದ ಡಬ್ಬಿಯ ರಟ್ಟಿನಿಂದ ಗಾಳಿ ಹಾಕಿಕೊಳ್ಳುತ್ತಿದ್ದರು. ಬೀದಿಯ ಆ ತುದಿಯಿಂದ ಶೀಟು ಮನೆಯ ಹುಡುಗಿ ಕೂಸನ್ನು ಸೊಂಟಕ್ಕಿಟ್ಟುಕೊಂಡು ನಮ್ಮ ಮನೆಯ ಕಡೆಗೇ ಬರುವುದು ಕಾಣಿಸಿತು. ಅತ್ತೆ ರಟ್ಟನ್ನು ತೊಡೆಯ ಕೆಳಗೆ ತುರುಕಿಕೊಂಡು, ಹರಿದ್ವಾರದಲ್ಲಿ ಕೊಂಡ ಉಣ್ಣೆಯ ಶಾಲನ್ನು ಕಿವಿಯವರೆಗೂ ಹೊದ್ದುಕೊಂಡುಬಿಟ್ಟರು!

“ಅತ್ತೆವ್ವ, ನಿಜವಾಗ್ಲೂ ಫ್ಯಾನ್ ಬ್ಯಾಡ್ವಾ?” ಎಂದಳು ಹುಡುಗಿ.

“ಯವ್ವಾ, ಏನ್ ಚಳಿ ಅಂತೀಯೇ! ಆ ಗಂಗೆ ನೀರು ಮೂಳೆಗೆ ಇಳ್ದೋಗೈತೆ. ಒಸಿ ದಿನ ನೀನೇ ಕಾಯವ್ವ.”

ಅತ್ತೆಯ ಹಣೆಯಿಂದ ಬೆವರು ಧಾರಾಕಾರ! ಎದುರು ಮನೆಯವರು ಕಿಸಕ್ಕನೆ ನಕ್ಕರು. ಹುಡುಗಿ ಅತ್ತೆಯ ಬೆವರು ನೋಡಿ ನನ್ನ ಕಡೆ ತಿರುಗಿದಳು. ನಾನು ಒಳಗೆ ಹೋಗಿ ನನ್ನ ಶಾಲನ್ನೂ ತಂದು, ಕಿವಿಯವರೆಗೆ ಹೊದ್ದು, ಅತ್ತೆಯ ಪಕ್ಕದಲ್ಲಿ ಕುಳಿತೆ.