ಪರವಾನಗಿ ನನ್ನ ಹೆಸರಿನಲ್ಲಿತ್ತು

ಕಾನೂನು ತಿಳಿಯದವನಿಗೆ ಕಚೇರಿಯ ಭಯ, ತಿಳಿದವನಿಗೆ ನೆಂಟರ ಭಯ. ಈ ಮಾತನ್ನು ನಾನು ಪುಸ್ತಕದಿಂದ ಕಲಿಯಲಿಲ್ಲ. ಅಪ್ಪ ಬಿಟ್ಟುಹೋದ ಕೇಪಿನ ಬಂದೂಕು ಕಲಿಸಿತು. ಮಹಾರಾಜರ ಆ ಕಾಲದಲ್ಲಿ ನಾನು ಹೊಳಲ್ಕೆರೆಯ ಶಾಲೆಯಲ್ಲಿ ಮೇಷ್ಟ್ರು. ಬಂದೂಕು ಬಿ.ದುರ್ಗದ ನಮ್ಮ ಮನೆಯ ಪಡಸಾಲೆಯ ಗೋಡೆಯಲ್ಲಿ ತೂಗುತ್ತಿತ್ತು. ಅಪ್ಪ ಅದರಿಂದ ಜೋಳದ ಹೊಲಕ್ಕೆ ಬರುವ ಹಂದಿಗಳನ್ನು ಓಡಿಸುತ್ತಿದ್ದರು. ನಾನು ಆಯುಧಪೂಜೆಯ ದಿನ ಅದಕ್ಕೆ ವಿಭೂತಿ ಹಚ್ಚುತ್ತಿದ್ದೆ. ಅವರು ತೀರಿಕೊಂಡ ಮೇಲೆ ಪರವಾನಗಿ ನನ್ನ ಹೆಸರಿಗಾಯಿತು. ಅದರ ಜೊತೆಗೆ ಸ್ವಲ್ಪ ಗತ್ತೂ ಬಂತು.

ತುಕ್ಕು ತೆಗೆಸಲು ಚಿತ್ರದುರ್ಗದ ಖಾಸಿಂ ಸಾಹೇಬರಲ್ಲಿಗೆ ಹೋದೆ. ಬಂದೂಕು ರಿಪೇರಿಯಲ್ಲಿ ಅವರದು ಎತ್ತಿದ ಕೈ, ಆದರೆ ಒಂದು ವಿಚಿತ್ರ ಪದ್ಧತಿ ಇಟ್ಟುಕೊಂಡಿದ್ದರು. ಬಂದೂಕಿನ ಕಾನೂನಿನ ಬಗ್ಗೆ ತಾವು ಕೇಳಿದ ಪ್ರಶ್ನೆಗೆ ಸರಿಯಾದ ಉತ್ತರ ಹೇಳುವ ತನಕ ಬಂದೂಕನ್ನು ವಾಪಸು ಕೊಡುತ್ತಿರಲಿಲ್ಲ. ಅವತ್ತು ನನಗಿಂತ ಮುಂದೆ ಮದಕರಿಪುರದ ಗೌಡರೊಬ್ಬರು ಕೂತಿದ್ದರು.

"ಹಿತ್ಲಾಗೆ ಒಬ್ಬ ಕುಂಬಳಕಾಯಿ ಕಿತ್ಕಂಡು ಓಡ್ತಾನೆ. ಏನ್ ಮಾಡ್ತೀರಿ ಗೌಡ್ರೆ?"

"ಏನ್ ಮಾಡೋದು, ಹೊಡೀತೀನಿ!"

ಸಾಹೇಬರು ಬಂದೂಕನ್ನು ಎತ್ತಿಕೊಂಡು ಹೋಗಿ ಒಳಗಿಟ್ಟು ಬಂದರು. "ಓಡೋನಿಂದ ನಿಮ್ಮ ಪ್ರಾಣಕ್ಕೇನು ಭಯ? ಪ್ರಾಣ ಉಳಿಸ್ಕಳ್ಳೋದು ನಿಮ್ಮ ಹಕ್ಕು. ಕುಂಬಳಕಾಯಿಗೆ ಪ್ರಾಣ ತಗಂಡ್ರೆ ನಿಮ್ಮ ಕೊರಳಿಗೆ ಹಗ್ಗ. ಮುಂದಿನ ಸಂತೆಗೆ ಬರ್ರಿ." ಗೌಡರು ಗೊಣಗುತ್ತಾ ಎದ್ದರು. ದಫೇದಾರನೇ ಬಂದು ಕೇಳಿದರೂ ರಶೀದಿ ಇಲ್ಲದೆ ಬಂದೂಕು ಒಪ್ಪಿಸಬಾರದು, ಪರವಾನಗಿ ಚೀಟಿಯಲ್ಲಿ ಹೆಸರಿಲ್ಲದವರ ಕೈಗೆ ಕೊಡಬಾರದು, ಹೀಗೆ ಸಾಹೇಬರ ಪಾಠ ಬೆಳೆಯುತ್ತಲೇ ಇತ್ತು. ನಾನು ಮೇಷ್ಟ್ರಲ್ಲವೇ, ಎಲ್ಲವನ್ನೂ ಬರೆದುಕೊಂಡೆ, ಒಂದೇ ಸಲಕ್ಕೆ ಪಾಸಾದೆ. ಊರಿಗೆ ಬಂದು ಕಟ್ಟೆಯ ಮೇಲೆ ಕೂತವರಿಗೆಲ್ಲ ಅದೇ ಪಾಠವನ್ನು ಒಪ್ಪಿಸಿ, ಅವರು ನನ್ನನ್ನು ಕಂಡರೆ ಎದ್ದುಹೋಗುವಂತೆ ಮಾಡಿದೆ.

ಅಷ್ಟರಲ್ಲಿ ಹೊಸದುರ್ಗಕ್ಕೆ ಕೊಟ್ಟಿದ್ದ ನಮ್ಮಕ್ಕನ ದೊಡ್ಡ ಮಗಳಿಗೆ ಮದುವೆ ಗೊತ್ತಾಯಿತು. ಮದುವೆಮನೆಗೆ ಕೊಪ್ಪರಿಗೆ, ಜಮಖಾನ ಕೊಟ್ಟ ಹಾಗೆ ಬಂದೂಕನ್ನೂ ಕೊಡುವುದು ನಮ್ಮ ಕಡೆಯ ವಾಡಿಕೆ. ಬೀಗರ ಗಾಡಿ ಊರ ಬಾಗಿಲಿಗೆ ಬಂದಾಗ ಹೆಣ್ಣಿನ ಸೋದರಮಾವನ ಮನೆಯ ಬಂದೂಕಿನಿಂದ ಬರೀ ಮದ್ದಿನ ಒಂದು ಈಡು ಹಾರಬೇಕು. ಹಾರದಿದ್ದರೆ ಹುಡುಗಿಗೆ ತಾಯಿಯ ತವರಿನ ಬಲವಿಲ್ಲ ಎಂದು ಲೆಕ್ಕ. ಅಕ್ಕ ತಾನೇ ಗಾಡಿ ಕಟ್ಟಿಸಿಕೊಂಡು ಬಂದಳು.

"ಲೇ ತಮ್ಮ, ಅಪ್ಪನ ಬಂದೂಕು ಕೊಡು, ಗಾಡ್ಯಾಗೆ ಇಟ್ಕಂಡು ಹೋಗ್ತೀನಿ."

ನಾನು ಗಂಟಲು ಸರಿಮಾಡಿಕೊಂಡು ಚೀಟಿ ಎಂದರೇನು, ಹಕ್ಕು ಎಂದರೇನು, ಆತ್ಮರಕ್ಷಣೆ ಎಂದರೇನು ಎಂದು ವಿವರಿಸಿದೆ. "ಮದುವೆ ಅನ್ನೋದು ಪ್ರಾಣಾಪಾಯದ ಸಂದರ್ಭ ಅಲ್ಲಕ್ಕ" ಎಂದೂ ಹೇಳಿದೆ.

"ನಿನಗೀಗ ಐತೆ ನೋಡು ಪ್ರಾಣಾಪಾಯ!" ಎಂದು ಅಕ್ಕ ಎದ್ದು ನಿಂತಳು. ಆಮೇಲೆ ಅವಳ ದನಿ ಇಳಿಯಿತು. "ನಮಗೆ ಸೋದರಮಾವ ಇಲ್ಲಾಂತ ನನ್ನ ಮದುವೇಲಿ ಅಪ್ಪನೇ ಹಾರಿಸಿದ್ದ. ನನ್ನ ಮಗಳೇನು ಕದ್ದು ಮದುವೆ ಆಗ್ತಾಳಾ, ಸದ್ದಿಲ್ದಂಗೆ?" ಕೊಟ್ಟ ನೀರನ್ನೂ ಮುಟ್ಟದೆ ಗಾಡಿ ಹತ್ತಿದಳು. ಮದುವೆ ಸದ್ದಿಲ್ಲದೆ ಆಯಿತು. ಅಕ್ಕ ನನ್ನ ಕಡೆ ತಿರುಗಿಯೂ ನೋಡಲಿಲ್ಲ. ಆ ವರ್ಷ ಗೌರಿಹಬ್ಬಕ್ಕೆ ತವರಿಗೆ ಬರಲಿಲ್ಲ, ಮರುವರ್ಷವೂ ಬರಲಿಲ್ಲ. ಅವಳಿಲ್ಲದ ಗೌರಿಹಬ್ಬದಲ್ಲಿ ಅವಳ ಪಾಲಿನ ಹೋಳಿಗೆ ತಟ್ಟೆಯಲ್ಲೇ ಉಳಿಯುತ್ತಿತ್ತು.

ಕಾನೂನು ಉಳಿಸಿದವನಿಗೆ ಒಂದು ಶಹಭಾಸ್‌ಗಿರಿಯಾದರೂ ಸಿಗಲಿ ಎಂದು ಖಾಸಿಂ ಸಾಹೇಬರಿಗೆ ಇದನ್ನೆಲ್ಲ ಹೇಳಿದೆ. ಅವರು ಕೈಯಲ್ಲಿದ್ದ ಕಬ್ಬಿಣ ಉಜ್ಜುವ ಅರವನ್ನು ಕೆಳಗಿಟ್ಟರು.

"ಬ್ಯಾರೆಯೋರ ಕೈಗೆ ಕೊಡಬ್ಯಾಡ್ರಿ ಅಂದೆ ಮೇಷ್ಟ್ರೇ. ನೀವೇ ತಗಂಡು ಹೋಗಬ್ಯಾಡ್ರಿ ಅಂದ್ನಾ? ಅಮಲ್ದಾರರಿಗೆ ಒಂದು ಅರ್ಜಿ ಬರೆದು, ಒಪ್ಪಿಗೆ ತಗಂಡು, ನೀವೇ ಹಾರಿಸಿದ್ರೆ ಮುಗೀತಿತ್ತು."

"ಇದನ್ನ ನೀವು ಹೇಳಲೇ ಇಲ್ಲವಲ್ಲ?"

"ನೀವು ಕೇಳಲೇ ಇಲ್ಲವಲ್ಲ?"

ಅದರ ಮುಂದಿನ ವರ್ಷ ಅಕ್ಕನ ಚಿಕ್ಕ ಮಗಳ ಮದುವೆ. ಕರೆಯೋಲೆ ಯಾರದೋ ಕೈಯಲ್ಲಿ ಬಂತು. ನಾನು ಅರ್ಜಿ ಬರೆದೆ. "ಪರವಾನಗಿದಾರನು ಖುದ್ದಾಗಿ ಒಂದು ಈಡು ಹಾರಿಸತಕ್ಕದ್ದು" ಎಂದು ಒಪ್ಪಿಗೆಯೂ ಬಂತು. ಕಾಗದವನ್ನು ಕೋಟಿನ ಜೇಬಿನಲ್ಲಿಟ್ಟು, ಬಂದೂಕು ಹೊತ್ತು ಹೊಸದುರ್ಗಕ್ಕೆ ಹೋದೆ. ಅಕ್ಕ ಬಂದೂಕನ್ನು ನೋಡಿದಳು, ನನ್ನನ್ನು ನೋಡಿದಳು, ಕಾಲಿಗೆ ನೀರು ತಂದಿಟ್ಟಳು.

ಬೀಗರ ಗಾಡಿ ಬಂತು. ಓಲಗ ನಿಂತಿತು. ಊರೆಲ್ಲ ನನ್ನನ್ನೇ ನೋಡತೊಡಗಿತು. ಆಗ ನನಗೆ ಒಂದು ಸತ್ಯ ಹೊಳೆಯಿತು: ಬಂದೂಕನ್ನು ಯಾವಾಗ ಹಾರಿಸಬೇಕು, ಯಾವಾಗ ಹಾರಿಸಬಾರದು ಎಂಬುದೆಲ್ಲ ನನಗೆ ಬಾಯಿಪಾಠ, ಹೇಗೆ ಹಾರಿಸಬೇಕು ಎಂದು ನನ್ನನ್ನು ಯಾರೂ ಕೇಳಿರಲಿಲ್ಲ. ಅಂದಾಜಿಗೆ ಮದ್ದು ಸುರಿದು, ಕೇಪು ಇಟ್ಟು, ಬಂದೂಕಿನ ಕುದುರೆ ಎಳೆದೆ. ಟಿಕ್ ಎಂದಿತು. ಇನ್ನೊಂದು ಕೇಪಿಟ್ಟು ಎಳೆದೆ. ಮತ್ತೂ ಟಿಕ್. ಬೀಗರ ಹಿರಿಯರು ಮೀಸೆಯಡಿ ನಕ್ಕರು. ಅಕ್ಕನ ಮುಖ ಬಾಡಿತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು.

"ಸರಿ ಅತ್ಲಾಗೆ! ಮದ್ದು ಗಿಡಿಯೋದು ಹಿಂಗಾ?" ಅಕ್ಕ ಸೆರಗು ಸಿಕ್ಕಿಸಿಕೊಂಡು ಬಂದೂಕನ್ನು ಕಿತ್ತುಕೊಂಡಳು. ನಾನು ಚಿತ್ರದುರ್ಗದಲ್ಲಿ ಓದುತ್ತಿದ್ದ ವರ್ಷಗಳಲ್ಲಿ ಹೊಲದ ಅಟ್ಟಣೆಯ ಮೇಲೆ ಅಪ್ಪನ ಪಕ್ಕ ಕೂತಿರುತ್ತಿದ್ದವಳು ಅವಳೇ. ನಳಿಗೆಯೊಳಗಿನ ಮದ್ದನ್ನು ಸಲಾಕೆಯಿಂದ ಬಿಗಿಯಾಗಿ ಗಿಡಿದು, ಹೊಸ ಕೇಪಿಟ್ಟು, ಆಕಾಶಕ್ಕೆ ಹಿಡಿದು ಎಳೆದಳು. ಎತ್ತುಗಳು ಕಣ್ಣಿ ಹರಿದುಕೊಂಡು ಓಡಿದವು. ಹೊಗೆಯೊಳಗಿಂದ ಅಕ್ಕನ ನಗು ಕೇಳಿಸಿತು. "ಬಾರೋ ತಮ್ಮ, ಉಣ್ಣುವಂತೆ" ಎಂದಳು. ಎರಡು ವರ್ಷದ ಮೇಲೆ ಪ್ರೀತಿಯಿಂದ ಆಡಿದ ಮೊದಲ ಮಾತು.

ಮದುವೆಗೆ ಬಂದಿದ್ದ ದಫೇದಾರ ಎಲೆಯಡಿಕೆಯ ಬಾಯಲ್ಲೇ ಕಾಗದ ಓದಿ, "ಹಾರಿಸಿದ್ದು ಯಾರು ಮೇಷ್ಟ್ರೇ?" ಎಂದ. ಕಾನೂನಿನಲ್ಲಿ ನನ್ನನ್ನು ಬಿಟ್ಟರಿಲ್ಲ ಎಂದು ಮೆರೆದವನು, ಕಣ್ಣು ಮಿಟುಕಿಸದೆ "ನಾನೇ" ಎಂದೆ. ಬೀಗರೂ ಸೇರಿ ಇಡೀ ಚಪ್ಪರ ಹೌದೆಂದಿತು. ಅಕ್ಕ ಈಗಿಲ್ಲ. ಸರ್ಕಾರದ ದಫ್ತರದಲ್ಲಿ ಆ ಈಡು ಇವತ್ತಿಗೂ ನನ್ನದೇ. ಆ ಹೊತ್ತಿಗೆ ಪರವಾನಗಿದಾರನು ಎರಡೂ ಕಿವಿ ಮುಚ್ಚಿಕೊಂಡು ಅಕ್ಕನ ಹಿಂದೆ ನಿಂತಿದ್ದನೆಂಬುದು ಮಾತ್ರ ಅದರಲ್ಲಿ ದಾಖಲಾಗಿಲ್ಲ.