ಹಲ್ಲಿಗೆ ಹೋದ ಬ್ಯಾಟರಿ

ಧರಣೇಂದ್ರ ಮಾಸ್ತರ ಒಂದು ತಾಟು ಕಪ್ಪು ಪುಡಿಯನ್ನು ಕಟ್ಟೆಯ ಮೇಲೆ ಬಿಸಿಲಿಗೆ ಇಟ್ಟದ್ದೇ ತಪ್ಪಾಯಿತು. ನಿಪ್ಪಾಣಿಯಲ್ಲಿ ತಾಟಿನ ತುಂಬ ಕಪ್ಪು ಪುಡಿ ಕಂಡರೆ ಅದು ಮಿಶ್ರಿ, ಹಲ್ಲಿಗೆ ತಿಕ್ಕುವ ಹುರಿದ ತಂಬಾಕು. ಬೇರೆ ಏನಾದರೂ ಇರಬಹುದು ಎಂದು ಯೋಚಿಸುವ ಮನುಷ್ಯ ಆ ಓಣಿಯಲ್ಲಿ ಇನ್ನೂ ಹುಟ್ಟಿಲ್ಲ.

ಮಾಸ್ತರ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತಿದ್ದ. ತಂಬಾಕಿನ ದಂಟು ಸುಟ್ಟ ಇದ್ದಿಲಿನಿಂದ ಬ್ಯಾಟರಿಯ ಎಲೆಕ್ಟ್ರೋಡ್ ಮಾಡುವುದು ಅವನ ಪಿಎಚ್‌.ಡಿ. ಒಂದೊಂದು ಕಣದಲ್ಲೂ ಕಣ್ಣಿಗೆ ಕಾಣದಷ್ಟು ಸಣ್ಣ ತೂತುಗಳಿದ್ದು, ಜೇನುಗೂಡಿನಲ್ಲಿ ತುಪ್ಪ ನಿಂತ ಹಾಗೆ ಅಲ್ಲಿ ಕರೆಂಟು ನಿಲ್ಲುತ್ತದೆ ಎಂದು ಅವನ ವಾದ. ಇವತ್ತು ಕೊಲ್ಹಾಪುರದಿಂದ ಗೈಡ್ ಕಾಕಾಸಾಹೇಬರು ಬರುವವರಿದ್ದರು. ಅವರ ಕಣ್ಣೆದುರು ಬಲ್ಬು ಹತ್ತಬೇಕು, ಹತ್ತದಿದ್ದರೆ ಪಿಎಚ್‌.ಡಿ. ರದ್ದು.

ಮಾಸ್ತರ ಸ್ನಾನ ಮುಗಿಸಿ ಬಂದಾಗ ತಾಟು ಅರ್ಧ ಖಾಲಿ. ಪಕ್ಕದ ಮನೆಯ ತುಳಸವ್ವ, ಬೀಡಿ ಕಟ್ಟುವ ಮಂಗಲ ಇಬ್ಬರೂ ಕಟ್ಟೆಯ ಮೇಲೆ ಕೂತು ಹಲ್ಲು ತಿಕ್ಕುತ್ತಿದ್ದರು.

“ತುಳಸವ್ವ! ಅದು ಬ್ಯಾಟರಿದೈತಿ!”

“ಬ್ಯಾಟರಿ ನಮ್ಮನ್ಯಾಗೂ ಐತ್ರಿ, ಮೂರ ಶೆಲ್ಲಿಂದು. ಅದಕ್ಕ ಯಾರರ ಪುಡಿ ಹಾಕ್ತಾರನ?”

ಮಂಗಲ ಪಿಚಕ್ಕನೆ ಉಗುಳಿದಳು. “ಆದ್ರ ಮಾಸ್ತರ, ಇದಕ್ಕ ಕಿಕ್ಕ ಇಲ್ಲ ನೋಡ್ರಿ. ತಲಿಗೆ ಏರವಲ್ದು.”

“ತಲಿಗಲ್ಲಬೇ, ಬಲ್ಬಿಗೆ ಏರಬೇಕದು!”

ಅಷ್ಟರಲ್ಲಿ ಎದುರುಮನೆಯ ಗುರಪ್ಪ ಬಂದು ತಾಟಿಗೆ ಕೈ ಹಾಕಿದ. “ನಮ್ಮಾಕಿಗೂ ಒಂದ ಚಿಮಟಗಿ ಕೊಡ್ರಿ. ಇವರಿಗೆ ಕೊಟ್ಟು ಆಕಿಗೆ ಬಿಟ್ರ ನನಗ ಊಟ ಹಾಕಂಗಿಲ್ಲ.”

ಮಾಸ್ತರ ಈ ಕಡೆ ಜಗ್ಗಿದ, ಗುರಪ್ಪ ಆ ಕಡೆ ಜಗ್ಗಿದ. ತಾಟು ಮಗುಚಿ ಗಟಾರಕ್ಕೆ ಬಿತ್ತು. ಗಟಾರದ ನೀರು ಮೊದಲೇ ಕಪ್ಪಗಿತ್ತು, ಏನೂ ಗೊತ್ತಾಗಲಿಲ್ಲ.

ಕಟ್ಟೆಯ ಮೇಲೆ ಚೆಲ್ಲಿದ್ದನ್ನು ಪೋಸ್ಟ್‌ಕಾರ್ಡಿನಿಂದ ಗೋರಿದಾಗ ಒಂದು ಚಮಚೆಯಷ್ಟು ಸಿಕ್ಕಿತು. ಒಂದು ಬಲ್ಬಿಗೆ ಅದು ಸಾಕು. ಡಬ್ಬಿಯಲ್ಲಿ ಹಾಕಿ, ಓಣಿಯ ಒಂದು ಕೈಯೂ ಮುಟ್ಟದ ಹಾಗೆ ಬಚ್ಚಲಮನೆಯ ಗೂಡಿನಲ್ಲಿ ಇಟ್ಟ.

ಕಾಕಾಸಾಹೇಬರು ಬಂದವರೇ ಬಸ್ಸಿನ ಧೂಳು ತೊಳೆದುಕೊಳ್ಳಲು ನೇರ ಬಚ್ಚಲಿಗೆ ಹೋದರು. ಬಹಳ ಹೊತ್ತು ಬರಲಿಲ್ಲ. ಬಂದಾಗ ಮುಖ ಅರಳಿತ್ತು, ಬಾಯಿ ಬಂಡಿಯ ಕೀಲಿನ ಹಾಗೆ ಕಪ್ಪಗಿತ್ತು.

“ಶಾಬ್ಬಾಸ್ ಧರಣೇಂದ್ರ! ಗುರುವಿನ ಚಟಾ ತಿಳಕೊಂಡ ತಂದಿಟ್ಟೀಯಲ್ಲ! ಮನ್ಯಾಗ ಹೇಂತಿ ಮುಟ್ಟಗೊಡಂಗಿಲ್ಲೋ. ಎಲ್ಲಾ ಖಲಾಸ್ ಮಾಡಿದೆ ನೋಡ.”

“ಸರ್, ನೀವು ತಿಕ್ಕಿದ್ದು...”

“ಶ್! ಆ ಮಾತ ಮತ್ತ ಎತ್ತಿದಿ ಅಂದ್ರ ನೋಡ. ಯಾರಿಗೂ ಗೊತ್ತಾಗಬಾರದು. ಚಲ, ನಿನ್ನ ಕಾರ್ಬನ್ ತೋರ್ಸು.”

ಮಾಸ್ತರ ಕಾಕಾಸಾಹೇಬರ ಹಲ್ಲನ್ನೇ ನೋಡುತ್ತ ನಿಂತ. “ಮುಗದೈತ್ರಿ ಸರ್.”

“ಮುಗದೈತಿ? ಮಾಡೇ ಇಲ್ಲ ಅಂತ ಹೇಳಲೇ! ನಾಳಿಂದ ನನ್ನ ಹಂತ್ಯಾಕ ಬರಬ್ಯಾಡ.”

ಕಾಕಾಸಾಹೇಬರು ಚೀಲ ಬಗಲಿಗೆ ಹಾಕಿಕೊಂಡು, ಕಟ್ಟೆಯ ಮೇಲಿನ ಹೆಂಗಸರಿಗೆ ಹಲ್ಲು ಕಿರಿದು ನಮಸ್ಕಾರ ಮಾಡಿ ಹೊರಟರು. ತುಳಸವ್ವ ಆ ಹಲ್ಲು ನೋಡಿದಳು. ಸೆರಗು ಸಿಕ್ಕಿಸಿಕೊಂಡು ಎದ್ದಳು.

“ನಮಗಾದ್ರ ಬ್ಯಾಟರಿ, ಕೊಲ್ಹಾಪುರದವರಿಗಾದ್ರ ಮಿಶ್ರಿ! ಇನ್ನ ನಮ್ಮ ನಳಕ್ಕ ನೀರಿಗೆ ಬರ್ರಿ ಮಾಸ್ತರ, ತೋರಸ್ತೀನಿ!”