ಬುದ್ಧನ ಗುಡಿಗೆ ಜೊತೆಗೆ ಬಂದವರು

ಗುಡ್ಡದ ಮೇಲಿನ ಬುದ್ಧನ ಗುಡಿಗೆ ಸಾವಿರದ ಆರುನೂರು ವರ್ಷಗಳಾಗಿವೆ. ಅದರ ಬಾಗಿಲಲ್ಲಿರುವ ಪ್ರವೇಶ ಕಚೇರಿಗೆ ಹನ್ನೊಂದು. ಎರಡರಲ್ಲಿ ಸೋರುವುದು ಕಚೇರಿಯ ಸೂರು ಮಾತ್ರ ಎಂಬುದನ್ನು ಇಲಾಖೆಯೂ ಒಪ್ಪಿಕೊಂಡಿದೆ.

ಒಂದು ಸೋಮವಾರ ಬೆಳಿಗ್ಗೆ ಈ ಕಚೇರಿಗೆ ನಿವೃತ್ತ ಬಸ್ ಚಾಲಕರೊಬ್ಬರು ಹೆಂಡತಿಯೊಂದಿಗೆ ಬಂದರು. ಈ ಕಚೇರಿ ಬರುವ ಮುಂಚೆ ಇಪ್ಪತ್ತಾರು ವರ್ಷ ಪ್ರವಾಸಿಗಳನ್ನು ಇದೇ ಗೇಟಿನವರೆಗೆ ತಂದು ಬಿಟ್ಟವರು. ಬಸ್ಸು ಬಿಟ್ಟು ಹೋಗುವಂತಿರಲಿಲ್ಲವಾದ್ದರಿಂದ ಒಳಗಿನ ಬುದ್ಧನನ್ನು ಒಮ್ಮೆಯೂ ಕಂಡವರಲ್ಲ. ಗುಡಿಯಿಂದ ಮರಳಿದ ಜನ ಮೊದಲ ತಿರುವಿನ ತನಕ ಮಾತೇ ಆಡುತ್ತಿರಲಿಲ್ಲ. ಒಳಗೆ ಅಂಥದ್ದೇನಿದೆ ಎಂದು ಚಾಲಕರು ಕನ್ನಡಿಯಲ್ಲಿ ಆ ಮುಖಗಳನ್ನೇ ನೋಡುತ್ತಿದ್ದರು.

ಗುಮಾಸ್ತ ಅರ್ಜಿ ಕೊಟ್ಟ. ‘ಭೇಟಿಯ ಉದ್ದೇಶ’ ಎಂದಿದ್ದ ಕಡೆ ಚಾಲಕರು ‘ನೋಡುವ ಆಸೆ’ ಎಂದು ಬರೆದರು.

ಗುಮಾಸ್ತ ಪೆನ್ನು ಕೆಳಗಿಟ್ಟ. “ಯಜಮಾನ್ರೇ, ಇದು ಯಾರ ಗುಡಿ?”

“ಬುದ್ಧಂದು.”

“ಆಸೆ ಬಗ್ಗೆ ಅವರು ಏನ್ ಹೇಳಿದಾರೆ?”

“ಬಿಡಬೇಕು ಅಂತ.”

“ನೀವು ಅದನ್ನೇ ಬರೆದು ಸಹಿ ಹಾಕಿಬಿಟ್ರಲ್ಲ!”

ನಿಯಮ ಏಳರ ಪ್ರಕಾರ, ಆಸೆಯುಳ್ಳ ಅರ್ಜಿದಾರರು ಸದರಿ ಆಸೆ ನಿವಾರಣೆಯಾಗುವವರೆಗೆ ಬೆಂಚಿನ ಮೇಲೆ ಕುಳಿತಿರತಕ್ಕದ್ದು.

“ಆಸೆ ಇಲ್ಲ ಅಂತ ಬರೆದಿದ್ರೆ?” ಹೆಂಡತಿ ಕೇಳಿದರು.

“ಆಸೆನೇ ಇಲ್ಲದವರಿಗೆ ಒಳಗೆ ಏನಮ್ಮ ಕೆಲಸ? ಅಂಥವರನ್ನ ವಾಪಸ್ ಕಳಿಸ್ತೀವಿ.”

ಚಾಲಕರು ಬೆಂಚಿನ ಮೇಲೆ ಕೂತರು. ಅರ್ಧ ಗಂಟೆಗೊಮ್ಮೆ ಗುಮಾಸ್ತ ತಲೆಯೆತ್ತಿ “ಈಗ?” ಎನ್ನುವನು. ಚಾಲಕರು ಕಣ್ಣು ಮುಚ್ಚಿ, ಒಳಗೆಲ್ಲ ಹುಡುಕಿ, “ಇನ್ನೂ ಇದೆ ಸಾರ್” ಎನ್ನುವರು.

“ಹೋಯ್ತು ಅನ್ರೀ!” ಹೆಂಡತಿ ತಿವಿದರು.

“ಹೋಗಿಲ್ವಲ್ಲೇ.”

ಮಧ್ಯಾಹ್ನದ ಹೊತ್ತಿಗೆ ಗುಮಾಸ್ತನಿಗೆ ಕರುಣೆ ಬಂತು. “ಅಮ್ಮಾ, ನೀವು ಬೇಕಾದ್ರೆ ಹೋಗ್ಬನ್ನಿ. ‘ಜೊತೆಗೆ ಬಂದವರು’ ಅನ್ನೋ ಕಾಲಂನಲ್ಲಿ ಉದ್ದೇಶ ಕೇಳಿಲ್ಲ.”

“ನನಗೆ ಮಂಡಿನೋವು. ನೋಡಲೇಬೇಕು ಅಂತೇನೂ ಇಲ್ಲಪ್ಪ.”

“ಅದಕ್ಕೇ ನಿಮಗೆ ಅಡ್ಡಿಯಿಲ್ಲ.”

ಆಕೆ ಹೋದರು. ಬಹಳ ಹೊತ್ತಿನ ಮೇಲೆ ಬಂದು ಗಂಡನ ಪಕ್ಕ ಕೂತರು.

“ಹೇಗಿದಾನೆ?”

“ಯಾರಿಗೋ ತುಂಬ ಹೊತ್ತು ಕಾದು, ಕಾಯ್ತಿರೋದನ್ನೇ ಮರೆತವನ ಹಾಗೆ ಕೂತಿದಾನೆ. ಹೇಳಿದ್ರೆ ಗೊತ್ತಾಗಲ್ಲ ರೀ. ನೀವೇ ನೋಡ್ಬೇಕು.”

ಇದರಿಂದ ಅರ್ಜಿದಾರರ ಆಸೆ ಇಮ್ಮಡಿಯಾಯಿತೆಂದು ಗುಮಾಸ್ತ ಕಡತದಲ್ಲಿ ಷರಾ ಬರೆದ.

ಗಂಡನ ಮುಖ ನೋಡಿ ಆಕೆಗೆ ತಡೆಯಲಾಗಲಿಲ್ಲ. ಕನ್ನಡಕ ಹಾಕಿಕೊಂಡು ಇನ್ನೊಂದು ಅರ್ಜಿ ಕೇಳಿದರು. ಅರ್ಜಿದಾರರು: ತಾವೇ. ಉದ್ದೇಶ: ಇನ್ನೊಮ್ಮೆ ನೋಡುವ ಆಸೆ. ಜೊತೆಗೆ ಬಂದವರು: ಗಂಡ.

ಗುಮಾಸ್ತ ಎರಡು ಸಲ ಓದಿದ. ನಿಯಮಪುಸ್ತಕವನ್ನು ಹಿಂದುಮುಂದಾಗಿ ತಿರುವಿ ಹಾಕಿದ. ಆಕ್ಷೇಪಣೆ ಸಿಗಲಿಲ್ಲ.

“ಅಮ್ಮಾ, ನೀವು ಬೆಂಚು. ಯಜಮಾನ್ರೇ, ನೀವು ಒಳಗೆ.”

ಚಾಲಕರು ಎದ್ದವರು ಹಾಗೇ ನಿಂತರು. “ನೀನೊಬ್ಬಳೇ...”

“ಹೋಗಿ ಅಂದ್ರೆ!”

ಗುಮಾಸ್ತ ಗಂಟಲು ಸರಿಮಾಡಿಕೊಂಡ. “ಅಮ್ಮಾ, ಈ ಕಚೇರಿ ಶುರುವಾದಾಗಿನಿಂದ ಇಲ್ಲಿದೀನಿ. ನಾನೂ ಒಳಗೆ ಹೋಗಿಲ್ಲ. ಅರ್ಜಿಯಲ್ಲಿ ಇನ್ನೂ ಒಂದು ಗೆರೆ ಖಾಲಿ ಇದೆಯಲ್ಲ...”

ಆಕೆ ‘ಗುಮಾಸ್ತ’ ಎಂದು ಸೇರಿಸಿದರು. ಗಂಡಸರಿಬ್ಬರೂ ಚಪ್ಪಲಿ ಬಿಟ್ಟು ಒಳಗೆ ಹೋದರು. ಹೊರಬಂದಾಗ ಗುಮಾಸ್ತ ಮೂಗೊರೆಸಿಕೊಳ್ಳುತ್ತಿದ್ದ. ಚಾಲಕರು ಹೆಂಡತಿಯ ಪಕ್ಕ ಕೂತು, “ಕೂತು ಕೂತು ಮಂಡಿ ನೋಯ್ತಾ?” ಎಂದಷ್ಟೇ ಕೇಳಿದರು.

ಸಂಗತಿ ಇಲಾಖೆಯನ್ನು ಮುಟ್ಟಿ, ತಿಂಗಳೊಳಗೆ ಸುತ್ತೋಲೆ ಹೊರಟಿತು: ಅರ್ಜಿದಾರರು ಇನ್ನು ಮುಂದೆ ಜೊತೆಗೊಬ್ಬರನ್ನು ತಪ್ಪದೆ ಕರೆತರತಕ್ಕದ್ದು. ಈಗ ಅಣ್ಣ ತಮ್ಮಂದಿರು, ಗೆಳತಿಯರು, ಅತ್ತೆ ಸೊಸೆಯರು ಜೋಡಿಯಾಗಿ ಬರುತ್ತಾರೆ. ಒಬ್ಬರು ಕೂರುತ್ತಾರೆ, ಇನ್ನೊಬ್ಬರು ಹೋಗುತ್ತಾರೆ, ಆಮೇಲೆ ಅರ್ಜಿ ಬದಲಾಯಿಸಿಕೊಳ್ಳುತ್ತಾರೆ. ಮೊದಲು ಆಸೆಪಡಬೇಕಾದವರು ಯಾರು ಎಂಬ ಬಗ್ಗೆ ಅತ್ತೆ ಸೊಸೆಯರಲ್ಲಿ ಮಾತ್ರ ಸ್ವಲ್ಪ ಚರ್ಚೆಯಾಗುತ್ತದೆ. ಯಾರದೂ ದೂರಿಲ್ಲ. ಹೊಸದಾಗಿ ಮೂರು ಬೆಂಚುಗಳನ್ನು ಹಾಕಲಾಗಿದೆ.

ಈ ಹನ್ನೊಂದು ವರ್ಷಗಳಲ್ಲಿ ಯಾವೊಬ್ಬ ಅರ್ಜಿದಾರರಿಂದಲೂ ಗುಡಿಯೊಳಗೆ ಗದ್ದಲವಾಗಿಲ್ಲವೆಂದು ಇಲಾಖೆ ತನ್ನ ವಾರ್ಷಿಕ ವರದಿಯಲ್ಲಿ ಹೆಮ್ಮೆಯಿಂದ ತಿಳಿಸಿದೆ.